ಪರೀಕ್ಷೆ ಪಾಸಾದ ಬಿಪಿಎಂಎನ್ ಚಿತ್ರದಿಂದ ಸ್ಮಾರ್ಟ್ ಕಾಂಟ್ರ್ಯಾಕ್ಟ್ ತೆಗೆದರೆ ಮತ್ತೆ ಆಡಿಟ್ ಬೇಕಾ?

ಬೇಕು. ಬಿಪಿಎಂಎನ್ ಅಂದರೆ ವ್ಯವಹಾರದ ಒಂದೊಂದು ಹೆಜ್ಜೆಯನ್ನು ಒಂದೊಂದು ಡಬ್ಬಿಯಾಗಿ ಬರೆಯುವ ಪದ್ಧತಿ, ಸ್ಮಾರ್ಟ್ ಕಾಂಟ್ರ್ಯಾಕ್ಟ್ ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ, ಆಡಿಟ್ ಅಂದರೆ ಅದರ ಕೋಡ್‌ನಲ್ಲಿ ತಪ್ಪು ಹುಡುಕುವುದು. ಆರ್ಡರ್, ಸಾಗಣೆ, ಪಾವತಿ ಎಲ್ಲದರ ಚಿತ್ರ ಬರೆದು, ಟೂಲ್‌ನಲ್ಲಿ ಪಾಸ್ ಮಾಡಿಸಿ, ಅದರಿಂದಲೇ ಸಾಲಿಡಿಟಿ (ಇಥೀರಿಯಂ ಬ್ಲಾಕ್‌ಚೈನ್‌ನ ಪ್ರೋಗ್ರಾಂ ಭಾಷೆ) ಕೋಡ್ ತೆಗೆಯುವುದು ಒಳ್ಳೆ ದಾರಿನೇ. ಟಾರ್ಟು ವಿಶ್ವವಿದ್ಯಾಲಯದವರ ಕ್ಯಾಟರ್‌ಪಿಲ್ಲರ್ ಅನ್ನೋ ಟೂಲ್ ಹೀಗೇ ಚಿತ್ರದಿಂದ ಕೋಡ್ ತೆಗೆಯುತ್ತದೆ. ಆದರೆ ಆ ಪಾಸ್ ಅನ್ನುವುದು ಎಷ್ಟಕ್ಕೆ ಗ್ಯಾರಂಟಿ ಅಂತ ಗೊತ್ತಿರಬೇಕು.

ಚಿತ್ರದಲ್ಲಿ ಒಂದು ಕಡೆ 'ಇದು ಇಲ್ಲವೇ ಅದು' ಅಂತ ದಾರಿ ಕವಲೊಡೆಯುತ್ತದೆ, ಮುಂದೆ ಎರಡೂ ಬಂದು ಸೇರುವ ತನಕ ಕಾಯುವ ಗೇಟ್‌ವೇ (ದಾರಿಗಳು ಕೂಡುವ ಗುರುತು) ಇದೆ ಅಂದುಕೊಳ್ಳಿ. ಬರುವ ಟೋಕನ್ (ಕೆಲಸ ಎಲ್ಲಿದೆ ಅಂತ ತೋರಿಸುವ ಗುರುತು) ಒಂದೇ, ಕಾಯುವುದು ಎರಡಕ್ಕೆ, ಹಾಗಾಗಿ ಕೆಲಸ ಅಲ್ಲೇ ನಿಂತುಬಿಡುತ್ತದೆ. ಮಾಮೂಲಿ ಸಾಫ್ಟ್‌ವೇರ್ ಆದರೆ ಅಡ್ಮಿನ್ ಡೇಟಾಬೇಸ್‌ಗೆ ಕೈ ಹಾಕಿ ಬಿಡಿಸುತ್ತಾರೆ. ಇಥೀರಿಯಂನಲ್ಲಿ ಹಾಗಿಲ್ಲ. ಅಷ್ಟರಲ್ಲಿ ಖರೀದಿದಾರರ ದುಡ್ಡು ಕಾಂಟ್ರ್ಯಾಕ್ಟ್ ಒಳಗೆ ಹೋಗಿದ್ದು, ಹೊರಗೆ ತೆಗೆಯುವ ದಾರಿಯನ್ನು ನೀವು ಮೊದಲೇ ಬರೆದಿಡದೇ ಇದ್ದರೆ, ಅದು ಅಲ್ಲೇ ಕೂತಿರುತ್ತದೆ. ಚಿತ್ರವನ್ನು ಪೆಟ್ರಿ ನೆಟ್ (ಟೋಕನ್ ಎಲ್ಲೆಲ್ಲಿ ಹೋಗುತ್ತದೆ ಅಂತ ಲೆಕ್ಕ ಹಾಕುವ ಗಣಿತದ ಮಾದರಿ) ಮಾಡಿ ಪರೀಕ್ಷಿಸಿದರೆ ಇಂಥದ್ದು ಸಿಕ್ಕಿಬೀಳುತ್ತದೆ. ಇಷ್ಟಕ್ಕೇ ಈ ವಿಧಾನ ನನಗೆ ಇಷ್ಟ.

ಸಿಕ್ಕಿಬೀಳದೇ ಇರುವುದು ಡಬ್ಬಿಗಳ ಒಳಗಿನ ತಪ್ಪು. 2016ರ ಜೂನ್‌ನಲ್ಲಿ 'ದಿ ಡಿಎಓ' ಅನ್ನೋ ಇಥೀರಿಯಂ ಹೂಡಿಕೆ ನಿಧಿಯಿಂದ ಸುಮಾರು 36 ಲಕ್ಷ ಈಥರ್ (ಇಥೀರಿಯಂನ ಹಣ) ಎಳೆದುಕೊಂಡರಲ್ಲ, ಅಲ್ಲಿ ಕೋಡ್ ಮೊದಲು ಹಣ ಕಳಿಸಿ ಆಮೇಲೆ ಖಾತೆಯ ಲೆಕ್ಕದಿಂದ ಕಳೆಯುತ್ತಿತ್ತು, ಆ ನಡುವಿನ ಸಂದಿಯಲ್ಲೇ ಅದೇ ಫಂಕ್ಷನ್ನನ್ನು ಮತ್ತೆ ಮತ್ತೆ ಕರೆದರು. ಬಿಪಿಎಂಎನ್‌ನಲ್ಲಿ ಬರೆದರೆ ಅದೆಲ್ಲ 'ಹಣ ವಾಪಸ್' ಅನ್ನೋ ಒಂದೇ ಡಬ್ಬಿ! ಚಿತ್ರ ನೂರಕ್ಕೆ ನೂರು ಸರಿ ಇರುತ್ತಿತ್ತು.

ಟೈಮರ್ ಇನ್ನೊಂದು ತಲೆನೋವು. '7 ದಿನದಲ್ಲಿ ಹಣ ಬರದಿದ್ದರೆ ಆರ್ಡರ್ ರದ್ದು' ಅಂತ ಗಡಿಯಾರದ ಗುರುತು ಹಾಕುವುದು ಸುಲಭ, ಆದರೆ ಕಾಂಟ್ರ್ಯಾಕ್ಟ್ ತಾನಾಗೇ ಎದ್ದು ಏನೂ ಮಾಡುವುದಿಲ್ಲ. ಹೊರಗಿನಿಂದ ಯಾರಾದರೂ ಟ್ರಾನ್ಸಾಕ್ಷನ್ ಕಳಿಸಬೇಕು, ಅದರ ಗ್ಯಾಸ್, ಅಂದರೆ ಓಡಿಸುವ ಶುಲ್ಕ, ಅವರೇ ಕಟ್ಟಬೇಕು. ಯಾರು ಕಳಿಸುತ್ತಾರೆ? ಚಿತ್ರ ಹೇಳುವುದಿಲ್ಲ. ಸರಕು ನಿಜವಾಗಿ ತಲುಪಿತಾ ಅನ್ನುವುದಂತೂ ಬ್ಲಾಕ್‌ಚೈನ್‌ಗೆ ಗೊತ್ತೇ ಆಗುವುದಿಲ್ಲ, ಯಾರೋ ಹೇಳಿದ್ದನ್ನು ಬರೆದುಕೊಳ್ಳುತ್ತದೆ ಅಷ್ಟೆ.

ಗ್ಯಾಸ್ ಉಳಿಸಲು ಕೆಲವು ಟೂಲ್‌ಗಳು ಪೆಟ್ರಿ ನೆಟ್ಟನ್ನು ಕುಗ್ಗಿಸಿ, ಪ್ರಕ್ರಿಯೆ ಎಲ್ಲಿದೆ ಅನ್ನುವುದನ್ನು ಬಿಟ್‌ಗಳಾಗಿ ಒಂದೇ 256 ಬಿಟ್ ಸಂಖ್ಯೆಗೆ ತುಂಬುತ್ತವೆ. ಜಾಣತನವೇ, ಆದರೆ ನೀವು ಪರೀಕ್ಷಿಸಿದ ಚಿತ್ರ ಮತ್ತು ಓಡುವ ಕೋಡ್ ನಡುವೆ ಇನ್ನೊಂದು ಅನುವಾದ ಬಂತು, ಅಲ್ವಾ?

ಅದಕ್ಕೇ ಸುಮ್ನೆ ಸರಿಯಾದ ಹಾದಿಯನ್ನಷ್ಟೇ ಓಡಿಸಿ ನೋಡಬೇಡಿ. ಟೆಸ್ಟ್‌ನೆಟ್‌ನಲ್ಲಿ (ನಿಜವಾದ ದುಡ್ಡಿಲ್ಲದ ಪ್ರಯೋಗದ ಜಾಲ) ಪಾವತಿಗೆ ಮೊದಲೇ ಸಾಗಣೆ ಕರೆಯಿರಿ, ಮಾರುವವರ ಕೆಲಸವನ್ನು ಕೊಳ್ಳುವವರ ವಿಳಾಸದಿಂದ ಕರೆಯಿರಿ, ಒಂದೇ ಹೆಜ್ಜೆಯನ್ನು ಎರಡು ಸಲ ಕರೆಯಿರಿ. ಎಲ್ಲವೂ ರಿವರ್ಟ್ ಆಗಬೇಕು, ಅಂದರೆ ಏನೂ ಬದಲಾಗದೆ ತಿರಸ್ಕಾರವಾಗಬೇಕು. ಒಂದು ಒಳಗೆ ನುಸುಳಿದರೂ ಟೂಲ್ ಬರೆದುಕೊಟ್ಟ ಕೋಡನ್ನು ಮೊದಲು ತೆರೆದು ಓದಿ.