ಎರಡು ಸಾವಿರ ಡಾಲರ್‌ನ ಗೆರೆ

ಓದುಗರ ಪತ್ರ: ಅಮೆರಿಕದಲ್ಲಿ ಬಡ ವೃದ್ಧರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ಮಾಸಿಕ ನೆರವನ್ನು (ಎಸ್‌ಎಸ್‌ಐ) 1974ರ ಕೊನೆಗೆ ಸುಮಾರು 40 ಲಕ್ಷ ಜನ ಪಡೆಯುತ್ತಿದ್ದರು. 2013ರಲ್ಲಿ ಆ ಸಂಖ್ಯೆ 83 ಲಕ್ಷ ದಾಟಿತು. ಪುಕ್ಕಟೆ ಹಣದ ಆಸೆಗೆ ಜನ ಅಂಗವೈಕಲ್ಯದ ನೆಪ ಹೂಡುತ್ತಿದ್ದಾರೆ ಎಂದರೆ ತಪ್ಪೇ?

ಉತ್ತರ: ತಪ್ಪು ಎಂದೇ ಹೇಳುತ್ತೇನೆ. ಅಂಕಿಗಳು ಸರಿ, ತೀರ್ಮಾನ ಅವಸರದ್ದು. 1974ರ ಆ 40 ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವೃದ್ಧರು. ರಾಜ್ಯಗಳು ತಮಗೆ ತೋಚಿದಂತೆ ನಡೆಸುತ್ತಿದ್ದ ನೆರವನ್ನು ಒಂದೇ ನಿಯಮದಡಿ ತಂದದ್ದು ಅಧ್ಯಕ್ಷ ನಿಕ್ಸನ್ 1972ರಲ್ಲಿ ಸಹಿ ಹಾಕಿದ ಕಾನೂನು. ಮುಂದೆ ವೃದ್ಧರ ಪಾಲು ಇಳಿಯಿತು, ಅಂಗವಿಕಲರದು ಏರಿತು.

ಮಕ್ಕಳ ವಿಷಯ ನೋಡಿ. ನೆರವಿಗೆ ಅರ್ಹವೆಂದು ಸರ್ಕಾರ ಗುರುತಿಸಿದ ಕಾಯಿಲೆಗಳ ಪಟ್ಟಿಗೆ ತಾಳೆಯಾಗದ ವಯಸ್ಕರ ದುಡಿಯುವ ಸಾಮರ್ಥ್ಯವನ್ನು ಅಧಿಕಾರಿಗಳು ಮತ್ತೆ ಪರಿಶೀಲಿಸುತ್ತಿದ್ದರು. ಮಕ್ಕಳ ಅರ್ಜಿ ಮಾತ್ರ ಪಟ್ಟಿಯಲ್ಲೇ ಮುಗಿಯುತ್ತಿತ್ತು. ಇದು ಸಲ್ಲದು ಎಂದು 1990ರಲ್ಲಿ ಝೆಬ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪಿನ ನಂತರ ಮಕ್ಕಳ ಸಂಖ್ಯೆ ಏರುತ್ತಾ 1996ರ ಹೊತ್ತಿಗೆ ಒಂಬತ್ತು ಲಕ್ಷ ಮೀರಿತು. ಅದೇ ವರ್ಷ ಸಂಸತ್ತು ಹಗ್ಗ ಬಿಗಿಯಿತು: ಮಕ್ಕಳ ಮಾನದಂಡ ಕಠಿಣವಾಯಿತು, ಕುಡಿತ ಮತ್ತು ಮಾದಕ ವ್ಯಸನವನ್ನೇ ಕಾರಣವಾಗಿ ತೋರಿಸಿದವರು ಹೊರಬಿದ್ದರು. ಸಂಖ್ಯೆಯ ಏರಿಳಿತದಲ್ಲಿ ಜನರ ದುರಾಸೆಗಿಂತ ಕಾನೂನಿನ ಕೈವಾಡವೇ ದೊಡ್ಡದು.

ಇನ್ನು 'ಪುಕ್ಕಟೆ ಹಣ'. 1974ರ ಜನವರಿಯಲ್ಲಿ ಒಬ್ಬರಿಗೆ ತಿಂಗಳಿಗೆ ಗರಿಷ್ಠ 140 ಡಾಲರ್ ಇತ್ತು; 2025ರಲ್ಲಿ 967. ಬೆಲೆಯೇರಿಕೆಗೆ ತಕ್ಕಂತೆ ಮೊತ್ತ ಪ್ರತಿವರ್ಷ ಪರಿಷ್ಕರಣೆಯಾಗುತ್ತದೆ. ಉಳಿತಾಯದ ಮಿತಿಗೆ ಆ ಭಾಗ್ಯವಿಲ್ಲ. ಅದು 1989ರಿಂದ 2,000 ಡಾಲರ್‌ನಲ್ಲೇ ನಿಂತಿದೆ. ತಿಂಗಳು ಹುಟ್ಟುವ ಗಳಿಗೆಯಲ್ಲಿ ಖಾತೆಯಲ್ಲಿ ಅದಕ್ಕಿಂತ ಒಂದು ಡಾಲರ್ ಹೆಚ್ಚಿದ್ದರೂ ಆ ತಿಂಗಳ ನೆರವಿಗೆ ಕತ್ತರಿ. ವಾಸದ ಮನೆ, ಒಂದು ವಾಹನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ ಸಮಾಧಾನ. ದುಡಿದರೂ ಹಾಗೆಯೇ: ಬೇರೆ ಆದಾಯವಿಲ್ಲದವರ ಸಂಬಳದಲ್ಲಿ ಮೊದಲ 85 ಡಾಲರ್ ಬಿಟ್ಟು, ಉಳಿದುದರ ಅರ್ಧದಷ್ಟನ್ನು ನೆರವಿನಿಂದ ಕಳೆಯುತ್ತಾರೆ. ಆ 85 ಕೂಡ 1974ರ ಲೆಕ್ಕವೇ. ಇಷ್ಟು ವರ್ಷದಲ್ಲಿ ಒಂದು ಡಾಲರ್ ಸೇರಿಸಲೂ ಸಂಸತ್ತಿಗೆ ಮನಸ್ಸಾಗಿಲ್ಲ!

ಈಚೆಗೆ ಒಂದು ಸಡಿಲಿಕೆ ಬಂದಿದೆ. ಬಂಧುಗಳು ಹಾಕಿದ ಊಟವನ್ನೂ ಆದಾಯವೆಂದು ಎಣಿಸುತ್ತಿದ್ದ ಪದ್ಧತಿಯನ್ನು 2024ರ ಸೆಪ್ಟೆಂಬರ್ ಕೊನೆಯಲ್ಲಿ ಕೈಬಿಟ್ಟರು. ಆದರೆ ಎಸ್‌ಎಸ್‌ಐ ಪಡೆಯುವ ಇಬ್ಬರು ಮದುವೆಯಾದರೆ ಇಬ್ಬರಿಗೂ ಸೇರಿ 2025ರ ದರದಲ್ಲಿ ಗರಿಷ್ಠ 1,450 ಡಾಲರ್. ಮದುವೆಯಾಗದೆ ಬೇರೆ ಬೇರೆ ಇದ್ದರೆ 1,934. ನೆಪ ಹೂಡುವವರು ಎಲ್ಲ ಕಡೆಯೂ ಇರಬಹುದು, ಆದರೆ ಈ ಷರತ್ತುಗಳಿಗೆ ಕೊರಳೊಡ್ಡಲು ಯಾರಾದರೂ ಆಸೆಪಟ್ಟು ಸಾಲುಗಟ್ಟುತ್ತಾರೆಂದು ನನಗೆ ಅನ್ನಿಸುವುದಿಲ್ಲ.

- ಸಂಪಾದಕ