140ಕ್ಕೆ ಕೊಂಡ ಗಣಿ ಷೇರು ಮತ್ತೆ 140ಕ್ಕೆ ಬರುತ್ತದೆಯೇ?

ಚಿನ್ನದ ಬೆಲೆ ಏರಿದಾಗಲೆಲ್ಲ ನನ್ನ ಮೇಜಿನ ಮೇಲೆ ಒಂದೇ ಧಾಟಿಯ ಪತ್ರಗಳು ಬಂದು ಬೀಳುತ್ತವೆ. ಬಿದ್ದುಹೋದ ಚಿನ್ನದ ಗಣಿ ಷೇರು ಯಾವಾಗ ಏಳುತ್ತದೆ? ಠಾಣೆಯಿಂದ, ಮುಲುಂಡ್‌ನಿಂದ, ಅಂಧೇರಿಯಿಂದ ಇದೇ ಪ್ರಶ್ನೆ. ಇದಕ್ಕೆ ಹಿಂದೆಯೂ ಉತ್ತರಿಸಿದ್ದೇನೆ. ಈ ಬಾರಿ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ.

ಪ್ರಶ್ನೆ: ಒಂದು ಚಿನ್ನದ ಗಣಿ ಕಂಪನಿಯ 1,000 ಷೇರುಗಳನ್ನು 140 ರೂಪಾಯಿಯಂತೆ ಕೊಂಡೆ. 90ಕ್ಕೆ ಇಳಿದಾಗ ಇನ್ನೊಂದು 1,000, 45ಕ್ಕೆ ಇಳಿದಾಗ 2,000 ಸೇರಿಸಿದೆ. ಈಗ ಬೆಲೆ 28. ಚಿನ್ನವಂತೂ ಏರುತ್ತಲೇ ಇದೆ. ಇನ್ನಷ್ಟು ಕೊಂಡು ಸರಾಸರಿ ಇಳಿಸಿಕೊಳ್ಳಲೇ? — ನಿವೃತ್ತ ಬ್ಯಾಂಕ್ ನೌಕರರು, ಡೊಂಬಿವಲಿ

ಬೇಡ. ಒಂದು ಷೇರೂ ಬೇಡ.

ಈ ಓದುಗರು ಪತ್ರ ಬರೆದು ಸುಮ್ಮನಾಗದೆ ಮಾಟುಂಗಾದ ನನ್ನ ಕಚೇರಿಗೇ ಬಂದರು. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ಪ್ರತಿ ಖರೀದಿಯ ತಾರೀಕು, ದರ, ದಲ್ಲಾಳಿ ಶುಲ್ಕ ಎಲ್ಲವೂ ಪೈಸೆ ಸಮೇತ, ಲೆಡ್ಜರ್ ಬರೆದು ಪಳಗಿದ ಅಕ್ಷರದಲ್ಲಿ. ಪುಟದ ಕೊನೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಸಂಖ್ಯೆ: 80. ಅದು ಅವರ ಸರಾಸರಿ ದರ. ಹಾಕಿದ್ದು 3,20,000 ರೂಪಾಯಿ, ಈಗಿನ ಬೆಲೆಗೆ ಉಳಿದಿರುವುದು 1,12,000. ಆ ನೋಟ್‌ಬುಕ್ಕಿನಲ್ಲಿ ಇಲ್ಲದಿದ್ದದ್ದು ಒಂದೇ ಒಂದು ಲೆಕ್ಕ. ಕಂಪನಿಯ ಒಟ್ಟು ಷೇರುಗಳೆಷ್ಟು?

ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಪ್ರತಿ ತ್ರೈಮಾಸಿಕದ ಷೇರುದಾರರ ಪಟ್ಟಿ ಇರುತ್ತದೆ. ಇಬ್ಬರೂ ಕೂತು ತೆಗೆದು ನೋಡಿದೆವು. ಅವರು ಮೊದಲ ಸಲ ಕೊಂಡಾಗ 10 ಕೋಟಿ ಷೇರು. ಈಗ 25 ಕೋಟಿ. ನಡುವೆ ಒಂದು ರೈಟ್ಸ್ ಇಶ್ಯೂ (ಹಳೆಯ ಷೇರುದಾರರಿಗೆ ಹೊಸ ಷೇರು), ಎರಡು ಪ್ರಿಫರೆನ್ಷಿಯಲ್ ಹಂಚಿಕೆ (ಆಯ್ದ ಕೆಲವರಿಗೆ ಮಾತ್ರ ಹೊಸ ಷೇರು), ಮೇಲೆ ವಾರಂಟುಗಳು (ಮುಂದೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕು). ವಾರಂಟ್ ಪಡೆದವರು ಮೊದಲಿಗೆ ಕಾಲು ಭಾಗ ಕಟ್ಟಿ, ಉಳಿದದ್ದನ್ನು ಕಟ್ಟಲು 18 ತಿಂಗಳು ಕಾಯಬಹುದು. ನಮ್ಮ ಓದುಗರಿಗೆ ಅಂಥ ಸೌಕರ್ಯವೇನೂ ಇರಲಿಲ್ಲ.

ಈಗ ಗಮನವಿಟ್ಟು ನೋಡಿ. ಬೆಲೆ 140 ಇದ್ದಾಗ ಇಡೀ ಕಂಪನಿಯ ಮೌಲ್ಯ 1,400 ಕೋಟಿ. ನಾಳೆಯೇ ಎಲ್ಲವೂ ಸರಿಹೋಗಿ ಕಂಪನಿ ಮತ್ತೆ ಅದೇ 1,400 ಕೋಟಿ ಬೆಲೆ ಬಾಳಿತು ಎಂದುಕೊಳ್ಳೋಣ. 25 ಕೋಟಿಯಿಂದ ಭಾಗಿಸಿದರೆ ಷೇರಿಗೆ 56 ರೂಪಾಯಿ. ಅವರ ಸರಾಸರಿ 80. ಗಣಿ ಪೂರ್ತಿ ಚೇತರಿಸಿಕೊಂಡರೂ ಅವರಿಗೆ ನಷ್ಟವೇ! ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಷೇರುಗಳು ಹೀಗೇಕೆ ಹೆಚ್ಚುತ್ತವೆ? ಇವರು ಕೊಂಡಂಥ, ಇನ್ನೂ ಚಿನ್ನ ತೆಗೆಯದ ಕಂಪನಿಗೆ ಆದಾಯವಿಲ್ಲ. ಆದರೆ ಕೊರೆಯುವ ಯಂತ್ರಕ್ಕೆ ಡೀಸೆಲ್ ಬೇಕು, ಭೂವಿಜ್ಞಾನಿಗೆ ಸಂಬಳ ಬೇಕು, ಪ್ರಯೋಗಾಲಯಕ್ಕೆ ಶುಲ್ಕ ಬೇಕು. ಆದಾಯವಿಲ್ಲದವರಿಗೆ ಬ್ಯಾಂಕ್ ಸಾಲ ಸುಲಭವಾಗಿ ಹುಟ್ಟುವುದಿಲ್ಲ. ಹಾಗಾಗಿ ಹೊಸ ಷೇರು ಹೊರಡಿಸುತ್ತಾರೆ. ಬೆಲೆ ಬಿದ್ದಷ್ಟೂ ಅಷ್ಟೇ ಹಣಕ್ಕೆ ಹೆಚ್ಚು ಷೇರು ಹೊರಡಿಸಬೇಕಾಗುತ್ತದೆ. ಆರು ತಿಂಗಳಿಗೊಮ್ಮೆ ಬರುವ ನಗದು ಹರಿವಿನ ಪಟ್ಟಿ ತೆಗೆಯಿರಿ. ಕೈಯಲ್ಲಿರುವ ನಗದನ್ನು ತಿಂಗಳ ಖರ್ಚಿನಿಂದ ಭಾಗಿಸಿ. ಹತ್ತು ತಿಂಗಳಿಗಿಂತ ಕಡಿಮೆ ಬಂದರೆ ಮುಂದಿನ ಹಂಚಿಕೆ ದೂರವಿಲ್ಲ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಇನ್ನು ‘ಚಿನ್ನ ಏರಿದೆ, ಷೇರೂ ಏರಲೇಬೇಕು’ ಎಂಬ ಮಾತು. ಗ್ರಾಂ 6,000ಕ್ಕೆ ಮಾರಿ, ತೆಗೆಯಲು 5,400 ಖರ್ಚು ಮಾಡುವ ಗಣಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಖರ್ಚು ಬದಲಾಗದೆ ಚಿನ್ನ ಶೇ 10 ಏರಿದರೆ ಲಾಭ ಇಮ್ಮಡಿ, ಶೇ 10 ಇಳಿದರೆ ಲಾಭ ಸೊನ್ನೆ. 2011ರ ಸೆಪ್ಟೆಂಬರ್‌ನಿಂದ 2015ರ ಡಿಸೆಂಬರ್‌ವರೆಗೆ ಚಿನ್ನ ಔನ್ಸಿಗೆ ಸುಮಾರು 1,900 ಡಾಲರ್‌ನಿಂದ 1,050ಕ್ಕೆ ಇಳಿಯಿತು, ಶೇ 45ರಷ್ಟು. ಆ ಇಳಿತದಲ್ಲಿ ಜಗತ್ತಿನ ದೊಡ್ಡ ಗಣಿ ಷೇರುಗಳು ಶೇ 80ರ ಆಸುಪಾಸು ಕುಸಿದವು. ಅವು ನಿಜವಾಗಿ ಚಿನ್ನ ತೆಗೆಯುವ ಕಂಪನಿಗಳು. ಗಣಿಗುತ್ತಿಗೆಗೆ ಕಾಯುತ್ತಾ ಕೂತ ಕಂಪನಿಗೆ ಚಿನ್ನದ ದರ ಏರಿದರೆ ತಕ್ಷಣ ಸಿಗುವುದೇನು? ಪರಿಶೋಧನೆಗೆ ವರ್ಷಗಟ್ಟಲೆ ಹಣ ಸುರಿದು ಗುತ್ತಿಗೆಯ ಬಾಗಿಲಲ್ಲಿ ನಿಂತಿದ್ದವರ ಹಳೆಯ ಹಕ್ಕುಗಳು 2021ರ ಗಣಿ ಕಾಯ್ದೆ ತಿದ್ದುಪಡಿಯಿಂದ ರದ್ದಾದದ್ದನ್ನು ನಾವೇ ನೋಡಿದ್ದೇವೆ. ಕೆಜಿಎಫ್‌ನ ಉದಾಹರಣೆಯೂ ಕಣ್ಣೆದುರಿಗೇ ಇದೆ. 2001ರ ಫೆಬ್ರುವರಿ 28ರಂದು ಅಲ್ಲಿ ಕೆಲಸ ನಿಂತಾಗ ನೆಲದಡಿ ಚಿನ್ನ ಇತ್ತು. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು.

‘ಮಾರಿದರೆ ನಷ್ಟವಾಗುತ್ತದಲ್ಲ’ ಎಂದರು ಡೊಂಬಿವಲಿಯ ಓದುಗರು. ನಷ್ಟ ಆಗಿಹೋಗಿದೆ. ಮಾರಿದರೆ ಅದಕ್ಕೊಂದು ಉಪಯೋಗವಾದರೂ ಇದೆ. ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಆ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ದು, ನಿಯಮದ ಪ್ರಕಾರ ಬೇರೆ ಬಂಡವಾಳ ಲಾಭದಲ್ಲಿ ಕಳೆಯಬಹುದು. ನಾನಾಗಿದ್ದರೆ ಪೂರ್ತಿ ಮಾರುತ್ತಿದ್ದೆ. 1992ರಲ್ಲಿ ಫೋರ್ಟ್‌ನ ಒಂದು ದಲ್ಲಾಳಿ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ‘ಹಳೆಯ ಬೆಲೆ ಬಂದ ದಿನ ಮಾರುತ್ತೇನೆ’ ಎಂದು ಹೇಳಿ ಹೋದವರ ಮುಖಗಳು ನನಗಿನ್ನೂ ನೆನಪಿವೆ. ನನ್ನ ಸಲಹೆಯಲ್ಲಿ ಆ ಭಯವೂ ಸೇರಿದೆ, ಅದನ್ನು ಮುಚ್ಚಿಡುವುದಿಲ್ಲ. ಮನಸ್ಸು ಒಪ್ಪದಿದ್ದರೆ ಅರ್ಧವನ್ನಾದರೂ ಮಾರಿ.

ಪ್ರಶ್ನೆ: ಕೊರೆದ ಮಾದರಿಯಲ್ಲಿ ಟನ್ನಿಗೆ 12 ಗ್ರಾಂ ಚಿನ್ನ ಸಿಕ್ಕಿದೆಯೆಂದು ಕಂಪನಿ ಪ್ರಕಟಿಸಿದೆ. ಇನ್ನೇನು ಅನುಮಾನ?

ಎಷ್ಟು ಮೀಟರ್ ಉದ್ದಕ್ಕೆ 12 ಗ್ರಾಂ? ಒಂದೇ ರಂಧ್ರದಲ್ಲೋ, ನಲವತ್ತರಲ್ಲೋ? ಪರೀಕ್ಷೆ ಮಾಡಿದವರು ಯಾರು? ಕೆನಡಾದ ಬ್ರೆ-ಎಕ್ಸ್ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಅಪಾರ ಚಿನ್ನವಿದೆ ಎಂದಿತ್ತು. ಪಿಂಚಣಿ ನಿಧಿಗಳೂ ನಂಬಿ ಹಣ ಹಾಕಿದ್ದವು. 1997ರಲ್ಲಿ ಹೊರಗಿನವರು ಪರೀಕ್ಷಿಸಿದಾಗ, ಮಾದರಿಗಳಿಗೆ ಚಿನ್ನದ ಪುಡಿ ಬೆರೆಸಿದ್ದು ಬಯಲಾಯಿತು. ಷೇರು ಕಾಗದದ ಚೂರಾಯಿತು. ಸ್ವತಂತ್ರ ವರದಿ ಓದದೆ ಬರೀ ಪ್ರಕಟಣೆ ನೋಡಿ ಕೊಳ್ಳಬೇಡಿ.

ಪ್ರಶ್ನೆ: ಹಟ್ಟಿ ಚಿನ್ನದ ಗಣಿಯ ಷೇರು ಯಾವ ಬೆಲೆಗೆ ಕೊಳ್ಳಬಹುದು?

ಅದು ಕರ್ನಾಟಕ ಸರ್ಕಾರದ ಕಂಪನಿ, ಷೇರುಪೇಟೆಯಲ್ಲಿ ಇಲ್ಲ. ಕೊಡಿಸುತ್ತೇನೆ ಎಂದವನಿಗೆ ಒಂದು ಪೈಸೆಯೂ ಕೊಡಬೇಡಿ.

ಪ್ರಶ್ನೆ: ಮೊಬೈಲ್ ಗುಂಪಿನಲ್ಲಿ ಒಬ್ಬ ‘ಗುರು’ ಇದೇ ಷೇರು ಮೂರು ತಿಂಗಳಲ್ಲಿ ಐದು ಪಟ್ಟಾಗುತ್ತದೆ ಎನ್ನುತ್ತಾರೆ. ಐದು ದಿನದಿಂದ ಅಪ್ಪರ್ ಸರ್ಕ್ಯೂಟ್ (ಬೆಲೆ ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿ) ಕೂಡ ಆಗುತ್ತಿದೆ.

ಮೊಳಕೈಗೆ ಬೆಲ್ಲ ಸವರುವವರು ಇವರೇ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕೊಟ್ಟ ನೋಂದಣಿ ಸಂಖ್ಯೆ ಕೇಳಿ, ಸಿಕ್ಕರೆ ಸೆಬಿ ಜಾಲತಾಣದಲ್ಲಿ ಹುಡುಕಿ. ನೋಂದಾಯಿತರಿಗೂ ಲಾಭದ ಭರವಸೆ ಕೊಡಲು ಅನುಮತಿಯಿಲ್ಲ. ಏರುವಾಗ ಕೊಳ್ಳಲು ಷೇರು ಸಿಗದ ಹಾಗೆ, ಇಳಿಯುವಾಗ ಮಾರಲು ಗಿರಾಕಿ ಸಿಗುವುದಿಲ್ಲ. ಶೇ 5ರ ಲೋವರ್ ಸರ್ಕ್ಯೂಟ್, ಅಂದರೆ ದಿನದ ಇಳಿಕೆಯ ಮಿತಿ, ಸತತ 10 ದಿನ ಬಿದ್ದರೆ ಶೇ 40 ಹೋಯಿತು, ನೀವು ನೋಡುತ್ತಲೇ ಇರುತ್ತೀರಿ.

ಪ್ರಶ್ನೆ: ಅಕ್ಷಯ ತೃತೀಯದಂದು ಗಣಿ ಷೇರು ಕೊಂಡರೆ ಶುಭವೇ?

ದೇವರ ಕೋಣೆಯ ವಿಷಯವನ್ನು ಡಿಮ್ಯಾಟ್ ಖಾತೆಗೆ ತರಬೇಡಿ.

ಪ್ರಶ್ನೆ: ಹೆಂಡತಿಯ ನಾಲ್ಕು ಬಳೆ ಅಡವಿಟ್ಟು ಗಣಿ ಷೇರು ಕೊಂಡಿದ್ದೇನೆ. ಇನ್ನೂ ಎಷ್ಟು ದಿನ ಕಾಯಲಿ?

ಒಂದು ದಿನವೂ ಕಾಯಬೇಡಿ. ನಿಮ್ಮ ಮನೆಯಲ್ಲಿದ್ದದ್ದು ಅಪ್ಪಟ ಚಿನ್ನ. ಅದನ್ನು ಒತ್ತೆಯಿಟ್ಟು, ಬಡ್ಡಿ ಕಟ್ಟುತ್ತಾ, ನೆಲದಿಂದ ಇನ್ನೂ ಮೇಲೆ ಬಾರದ ಚಿನ್ನವನ್ನು ಕೊಂಡಿದ್ದೀರಿ. ಷೇರು ಸೋಮವಾರ ಬೆಳಿಗ್ಗೆಯೇ ಮಾರಿ. ಮರುದಿನ ಹಣ ಖಾತೆಗೆ ಬರುತ್ತದೆ. ಅಷ್ಟಕ್ಕೆ ಎರಡೇ ಬಳೆ ಬಿಡಿಸಲು ಆದರೆ ಎರಡನ್ನೇ ಬಿಡಿಸಿ, ಉಳಿದ ಎರಡಕ್ಕೆ ತಿಂಗಳ ಸಂಬಳದಿಂದ ಅಸಲು ಕಟ್ಟುತ್ತಾ ಬನ್ನಿ. ವಿಷಯವನ್ನು ಹೆಂಡತಿಗೆ ಇಂದು ರಾತ್ರಿಯೇ ತಿಳಿಸಿ.