ರ್ಯಾಕ್ ಬದಲಿಸುವ ಮೊದಲು ಲಿಂಕ್ ರಾಡ್ ಅಲ್ಲಾಡಿಸಿ ನೋಡಿ

ನೀವು ಬರೆದಿರುವುದು ಇಷ್ಟು: 2014ರ ಸೆಕೆಂಡ್ ಹ್ಯಾಂಡ್ ಕಾರು, 80,000 ಕಿ.ಮೀ. ಓಡಿದೆ, ಗುಂಡಿಗೆ ಇಳಿದರೆ ಮುಂದೆ ಎಡಗಡೆ ಲೊಡಲೊಡ ಅನ್ನುತ್ತದೆ, ನಿಂತಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಣ್ ಅಂತ ಸದ್ದು ಬರುತ್ತದೆ. ಗ್ಯಾರೇಜಿನವರು ಸ್ಟೇರಿಂಗ್ ರ್ಯಾಕ್ (ಸ್ಟೇರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ದಂಡ) ಬದಲಿಸಬೇಕು ಅಂದಿದ್ದಾರೆ. ದಯವಿಟ್ಟು ಈಗಲೇ ಒಪ್ಪಬೇಡಿ. ಇವು ಎರಡು ಬೇರೆ ಸದ್ದುಗಳು, ಕಾರಣವೂ ಬೇರೆ ಬೇರೆ ಇರುವ ಸಾಧ್ಯತೆಯೇ ಜಾಸ್ತಿ.

ನನ್ನ ಹಳೆಯ ಕಾರಿನಲ್ಲೂ ಇದೇ ಲೊಡಲೊಡ ಇತ್ತು. ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು, ಎರಡೂ ಹೊಸದು ಹಾಕಿಸಿದೆ, ಮನೆಗೆ ಬರುವ ದಾರಿಯಲ್ಲೇ ಮತ್ತೆ ಅದೇ ಸದ್ದು. ಹೊಟ್ಟೆ ಉರಿದುಹೋಯಿತು. ಕೊನೆಗೆ ಸಿಕ್ಕಿದ ಕಳ್ಳ ಯಾರು ಗೊತ್ತಾ? ಗೇಣಿಗಿಂತ ಸ್ವಲ್ಪ ಉದ್ದದ ಲಿಂಕ್ ರಾಡ್, ಅಂದರೆ ಕಾರು ಒಂದು ಕಡೆ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಸರಳು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಜೋಡಿಗೆ 1,100 ರೂಪಾಯಿ ಕೊಟ್ಟು ತಂದೆ, ಅರ್ಧ ಗಂಟೆಯ ಕೆಲಸ.

ಲಿಂಕ್ ರಾಡ್ ಹೌದೋ ಅಲ್ಲವೋ ಓಡಿಸಿಯೇ ತಿಳಿಯಬಹುದು. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿದಾಗ ಸದ್ದು ಕಡಿಮೆ, ಒಂದೇ ಚಕ್ರ ಗುಂಡಿಗೆ ಇಳಿದಾಗ ಜಾಸ್ತಿ ಅಂದರೆ ಮೊದಲ ಅನುಮಾನ ಅದರ ಮೇಲೆಯೇ. ಆಮೇಲೆ ಪಿಟ್ (ಕಾರಿನ ಕೆಳಗೆ ಇಳಿದು ನೋಡುವ ಹೊಂಡ) ಇರುವ ಗ್ಯಾರೇಜಿಗೆ ಹೋಗಿ, ನಾಲ್ಕೂ ಚಕ್ರ ನೆಲದ ಮೇಲೆ ಇರುವಾಗಲೇ ಅದನ್ನು ಹಿಡಿದು ಜೋರಾಗಿ ಅಲ್ಲಾಡಿಸಲು ಹೇಳಿ. ಇದು ಮುಖ್ಯ. ಒಂದೇ ಕಡೆ ಜಾಕಿ ಕೊಟ್ಟು ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ರಾಡನ್ನು ಬಿಗಿಯಾಗಿ ಎಳೆದಿಟ್ಟಿರುತ್ತದೆ, ಸವೆದಿದ್ದರೂ ಗಟ್ಟಿಯಾಗಿರುವ ಹಾಗೆ ಕಾಣುತ್ತದೆ. ನನ್ನ ಮೆಕ್ಯಾನಿಕ್ ತಪ್ಪಿದ್ದು ಇಲ್ಲೇ.

ಇನ್ನು ಆ ಟಣ್. ಬಾನೆಟ್ ತೆಗೆಯಿರಿ. ಎಡಗಡೆ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ತುದಿ ಮೇಲೆ ಬಂದಿರುತ್ತದೆ, ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಕಿತ್ತು, ಅಂಗೈ ಊರಿ ನಿಲ್ಲಿ. ಮನೆಯವರು ಯಾರಾದರೂ ಎಂಜಿನ್ ಆನ್ ಮಾಡಿ ಸ್ಟೇರಿಂಗನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಲಿ. ಸ್ಟ್ರಟ್‌ನ ತುದಿಯನ್ನು ಕಾರಿನ ಬಾಡಿಯ ಜೊತೆ ಹಿಡಿದಿಡುವ ಮೌಂಟ್‌ನ ಬೇರಿಂಗ್ ಸಲೀಸಾಗಿ ತಿರುಗದೆ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ಸ್ವಲ್ಪ ಹೊತ್ತು ತಿರುಚಿಕೊಂಡು ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಆ ಏಟು ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಸ್ಪ್ರಿಂಗ್ ಸುರುಳಿಯೊಳಗೆ ಮಾತ್ರ ಬೆರಳು ಹಾಕಬೇಡಿ.

ರ್ಯಾಕ್ ಹೋಗಿದ್ದರೆ ಸಾಮಾನ್ಯವಾಗಿ ಹೀಗಿರುತ್ತದೆ: ಸಣ್ಣ ಜಲ್ಲಿ ರಸ್ತೆಯಲ್ಲೂ ಕಟಕಟ ಬಡಿತ ಸ್ಟೇರಿಂಗ್ ಹಿಡಿದ ಕೈಗೇ ಬರುತ್ತದೆ, ಕಾರು ನಿಂತಿರುವಾಗ ಸ್ಟೇರಿಂಗನ್ನು ಒಂದಿಂಚು ಆಚೀಚೆ ಬೇಗ ಬೇಗ ಆಡಿಸಿದರೂ ಬಡಿಯುತ್ತದೆ. ನೀವು ಇದನ್ನು ಬರೆದೇ ಇಲ್ಲ. ಹಾಗೆ ಬಂದರೂ ಟೈ ರಾಡ್ (ರ್ಯಾಕಿನಿಂದ ಚಕ್ರಕ್ಕೆ ಹೋಗುವ ಸರಳು) ನೋಡದೆ ರ್ಯಾಕ್ ಅನ್ನಬಾರದು, ಅದರ ಜಾಯಿಂಟ್ ಸವೆದರೂ ಹೀಗೇ ಬಡಿಯುತ್ತದೆ.

ಒಂದನ್ನು ಮಾತ್ರ ನಾಳೆಗೆ ಇಡಬೇಡಿ, ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ತೋಳು) ಚಕ್ರದ ಕಡೆಯ ತುದಿಯ ಬಾಲ್ ಜಾಯಿಂಟ್. ಅದು ಕಳಚಿದರೆ ಓಡುತ್ತಿರುವಾಗಲೇ ಚಕ್ರ ಮಡಚಿಕೊಳ್ಳುತ್ತದೆ. ಜಾಕಿ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಲು ಹೇಳಿ. ಆಡುತ್ತಿದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್, ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್. ಬಾಲ್ ಜಾಯಿಂಟ್‌ನಲ್ಲಿ ಆಟ ಕಂಡರೆ ಘಾಟಿ, ಹೈವೇ ಅಂತ ಎಲ್ಲೂ ಹೊರಡಬೇಡಿ, ಸದ್ದು ಸಣ್ಣದಾಗಿದ್ದರೂ ಸರಿ.

ಲೋವರ್ ಆರ್ಮ್ ಬಿಚ್ಚುವುದಾದರೆ ಎದುರಿಗೇ ನಿಂತುಕೊಳ್ಳಿ. ಬುಶ್‌ನ (ಆರ್ಮ್ ಕಾರಿಗೆ ಸೇರುವಲ್ಲಿರುವ ರಬ್ಬರ್ ತುಂಡು) ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದ್ದು ಕಾರಿನ ಭಾರ ಚಕ್ರದ ಮೇಲೆ ಇಳಿದ ಮೇಲೆ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ. ಬರೀ ಲಿಂಕ್ ರಾಡ್ ಬದಲಿಸಿದರೆ ಅದೂ ಬೇಡ.